ಎಂಸಿಬಿ ಕಾಯುವುದು ವೈರನ್ನು, ನಿಮ್ಮನ್ನಲ್ಲ

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ರಾತ್ರಿ ಎಲೆಕ್ಟ್ರಿಷಿಯನ್‌ಗಳ ಫೋನಿಗೆ ಬಿಡುವಿರುವುದಿಲ್ಲ. ದೂರು ಹೆಚ್ಚುಕಮ್ಮಿ ಒಂದೇ: ‘ಪಕ್ಕದ ಮನೇಲಿ ಕರೆಂಟಿದೆ, ನಮ್ಮನೇಲಿಲ್ಲ. ಬಾಕ್ಸಲ್ಲಿ ಒಂದು ಸ್ವಿಚ್ಚು ಕೆಳಗೆ ಬಿದ್ದಿದೆ, ಎತ್ತಿದ್ರೆ ಮತ್ತೆ ಬೀಳುತ್ತೆ.’ ‘ಯಾವುದು ಬಿದ್ದಿರೋದು, ಸಣ್ಣದಾ ಅಗಲದ್ದಾ?’ ಎಂದು ಕೇಳಿದರೆ ಆ ಕಡೆ ಸುಮ್ಮನಾಗುತ್ತಾರೆ. ಅರ್ಧ ರೋಗ ಗೊತ್ತಾಗುವುದೇ ಆ ಪ್ರಶ್ನೆಯ ಉತ್ತರದಿಂದ. ಸಣ್ಣದು, ಅಂದರೆ ಎಂಸಿಬಿ, ಬಿದ್ದರೆ ವೈರಿಗೆ ಭಾರ ಹೆಚ್ಚಾಗಿದೆ, ಅಥವಾ ಎರಡು ವೈರು ಎಲ್ಲೋ ತಾಗಿಕೊಂಡಿವೆ. ಅಗಲದ್ದು ಬಿದ್ದರೆ ಕರೆಂಟು ಹೋಗಬಾರದ ದಾರಿಯಲ್ಲಿ ಸೋರುತ್ತಿದೆ. ಆ ದಾರಿ ಒದ್ದೆ ಗೋಡೆಯೂ ಇರಬಹುದು, ಮನುಷ್ಯನ ಮೈಯೂ ಇರಬಹುದು.

ಈ ವ್ಯತ್ಯಾಸ ತಿಳಿಯಲು ಕರೆಂಟು ಮನೆಯೊಳಗೆ ಹೇಗೆ ಬರುತ್ತದೆ, ಹೇಗೆ ಹೊರಹೋಗುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಹೋದ ಕರೆಂಟು ವಾಪಸ್ ಬರಲೇಬೇಕು

ಕರೆಂಟು ನಲ್ಲಿ ನೀರಿನ ಹಾಗೆ ಬಂದು ಬಲ್ಬಿನಲ್ಲಿ ಸುರಿದು ಮುಗಿದುಹೋಗುತ್ತದೆ ಎಂದು ಅನೇಕರ ಮನಸ್ಸಿನಲ್ಲಿದೆ. ಸೈಕಲ್ ಚೈನನ್ನು ನೆನೆಸಿಕೊಂಡರೆ ಇನ್ನೂ ಸರಿಯಾಗಿ ಅರ್ಥವಾಗುತ್ತದೆ. ಪೆಡಲ್ ತುಳಿದಾಗ ಚೈನಿನ ಒಂದು ಪಕ್ಕ ಚಕ್ರವನ್ನು ಎಳೆಯುತ್ತದೆ, ಇನ್ನೊಂದು ಪಕ್ಕ ವಾಪಸ್ ಬರುತ್ತದೆ. ಚೈನು ಖರ್ಚಾಗುವುದಿಲ್ಲ, ಅದು ಹೊತ್ತು ತಂದ ಶಕ್ತಿ ಮಾತ್ರ ಚಕ್ರದಲ್ಲಿ ಖರ್ಚಾಗುತ್ತದೆ. ಎಲ್ಲಾದರೂ ಒಂದು ಕೊಂಡಿ ಕಳಚಿದರೆ ಇಡೀ ಓಟವೇ ನಿಲ್ಲುತ್ತದೆ.

ಇಲ್ಲಿ ಪೆಡಲ್ ಅಂದರೆ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್, ನಮ್ಮ ಕಡೆಯ ಮಾತಿನಲ್ಲಿ ಟಿಸಿ. ಅಲ್ಲಿಂದ ಮನೆಗೆ ಕರೆಂಟು ತರುವ ವೈರು ಫೇಸ್, ವಾಪಸ್ ಒಯ್ಯುವ ವೈರು ನ್ಯೂಟ್ರಲ್. ಫೇಸಿನಲ್ಲಿ 4 ಆಂಪಿಯರ್ ಬಂದಿದ್ದರೆ ನ್ಯೂಟ್ರಲ್ಲಿನಲ್ಲೂ ಸರಿಯಾಗಿ 4 ಆಂಪಿಯರ್ ಹೋಗುತ್ತಿರಬೇಕು. ಈ ಲೆಕ್ಕ ನೆನಪಿರಲಿ, ಅಗಲದ ಸ್ವಿಚ್ಚಿನ ಕೆಲಸವೆಲ್ಲ ಇದರ ಮೇಲೇ ನಿಂತಿದೆ.

ಚೈನಿನ ಹೋಲಿಕೆಗೆ ಒಂದು ತಿದ್ದುಪಡಿ ಬೇಕು. ಮನೆಯ ಕರೆಂಟು ಒಂದೇ ದಿಕ್ಕಿಗೆ ಓಡುವುದಿಲ್ಲ. ಇಬ್ಬರು ಎದುರುಬದುರು ನಿಂತು ಗರಗಸ ಎಳೆಯುವಂತೆ ಹಿಂದೆ ಮುಂದೆ ಆಡುತ್ತದೆ, ಸೆಕೆಂಡಿಗೆ 50 ಸಲ. ಯಾವ ಕಡೆ ಎಳೆದರೂ ಮರ ಕುಯ್ಯುವಂತೆ, ಯಾವ ಕಡೆ ಹರಿದರೂ ಬಲ್ಬು ಉರಿಯುತ್ತದೆ.

ಟಿಸಿಗೆ 11,000 ವೋಲ್ಟ್ ಬರುತ್ತದೆ. ಅದನ್ನು ಇಳಿಸಿ ಮೂರು ಫೇಸ್, ಒಂದು ನ್ಯೂಟ್ರಲ್ ಆಗಿ ಕಂಬಗಳಿಗೆ ಕೊಡುತ್ತದೆ. ಯಾವುದೇ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ: ಟಿಸಿಯ ಬುಡದಲ್ಲಿ ಆ ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಿರುತ್ತಾರೆ. ಹಾಗಾಗಿ ಕರೆಂಟಿಗೆ ವಾಪಸ್ ಹೋಗಲು ವೈರಿನ ಜೊತೆಗೆ ಮಣ್ಣೂ ಒಂದು ದಾರಿ. ಒಂದೇ ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲ, ಯಾಕೆಂದರೆ ಅದರ ಮೈಯಿಂದ ಮುಂದಕ್ಕೆ ದಾರಿಯಿಲ್ಲ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಫೇಸ್ ಮುಟ್ಟಿದವನ ಮೈಯಿಂದ ಮಣ್ಣಿಗೆ, ಮಣ್ಣಿನಿಂದ ಟಿಸಿಗೆ ಚೈನು ಪೂರ್ತಿಯಾಗುತ್ತದೆ. ಶಾಕ್ ಹೊಡೆಯುವುದು ಅಂದರೆ ಇದೇ.

ಮೂರು ಅಳತೆಗಳು

ಓವರ್‌ಹೆಡ್ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟ್, ಪೈಪಿನಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬುದು ಆಂಪಿಯರ್. ಇವೆರಡನ್ನೂ ಗುಣಿಸಿದರೆ ವ್ಯಾಟ್. ವ್ಯಾಟ್ ಎಲ್ಲ ಉಪಕರಣಗಳ ಮೇಲೂ ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿದರೆ ಆ ಉಪಕರಣ ಎಳೆಯುವ ಆಂಪಿಯರ್ ಸಿಗುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು 0.04 ಆಂಪಿಯರ್, 75 ವ್ಯಾಟಿನ ಫ್ಯಾನು 0.3, ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ 4.3, 2000 ವ್ಯಾಟಿನ ಗೀಸರ್ ಅಥವಾ ಇಂಡಕ್ಷನ್ ಒಲೆ 8.7, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13. ಒಂದು ಗೀಸರಿನ ಕರೆಂಟಿನಲ್ಲಿ ಇನ್ನೂರಕ್ಕೂ ಹೆಚ್ಚು ಬಲ್ಬು ಉರಿಯುತ್ತವೆ. ವೈರಿಂಗಿನ ತಾಪತ್ರಯವೆಲ್ಲ ಬಿಸಿ ಮಾಡುವ ಸಾಮಾನುಗಳ ಸುತ್ತಲೇ ಇರುವುದು ಇದಕ್ಕೇ. ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್ ಒಂದು ಗಂಟೆ ಉರಿದ ಲೆಕ್ಕ.

ಕಂಬದಿಂದ ಪ್ಲಗ್ಗಿನವರೆಗೆ

ಕಂಬದಿಂದ ಸರ್ವಿಸ್ ವೈರು ಮೀಟರಿಗೆ ಬರುತ್ತದೆ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಯಾವ ಕಂಪನಿಯ ಸೀಮೆಯಾದರೂ ಅವರ ಜವಾಬ್ದಾರಿ ಮೀಟರಿಗೆ ಮುಗಿಯುತ್ತದೆ, ಅಲ್ಲಿಂದಾಚೆ ಮನೆಯವರದ್ದು. ಮೀಟರಿನ ಪಕ್ಕದಲ್ಲಿ ಮೇನ್ ಸ್ವಿಚ್ಚು. ಹಳೇ ಮನೆಗಳಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಅಲ್ಲಿಂದ ಒಳಗೆ ಗೋಡೆಯಲ್ಲಿ ಹುದುಗಿರುವ ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡು. ಇಲ್ಲಿ ಕರೆಂಟು ಹಲವು ದಾರಿಗಳಾಗಿ ಕವಲೊಡೆಯುತ್ತದೆ: ಹಾಲು ಮತ್ತು ರೂಮುಗಳ ಲೈಟು-ಫ್ಯಾನಿಗೆ ಒಂದು, ಅಡುಗೆಮನೆಗೆ ಒಂದು, ಗೀಸರಿಗೆ, ಎಸಿಗೆ, ಮೋಟರಿಗೆ ತಲಾ ಒಂದು. ಒಂದೊಂದು ದಾರಿಗೂ ಒಂದೊಂದು ಸಣ್ಣ ಸ್ವಿಚ್ಚು, ಅದೇ ಎಂಸಿಬಿ.

ಮನೆಯ ಎಲ್ಲ ಪಾಯಿಂಟುಗಳೂ ಏಣಿಯ ಮೆಟ್ಟಿಲುಗಳ ಹಾಗೆ ಇರುತ್ತವೆ. ಏಣಿಯ ಒಂದು ಕಾಲು ಫೇಸ್, ಇನ್ನೊಂದು ನ್ಯೂಟ್ರಲ್, ನಡುವಿನ ಒಂದೊಂದು ಮೆಟ್ಟಿಲೂ ಒಂದು ಉಪಕರಣ. ಒಂದು ಮೆಟ್ಟಿಲು ತೆಗೆದರೂ ಉಳಿದವಕ್ಕೆ ತೊಂದರೆಯಿಲ್ಲ, ಎಲ್ಲಕ್ಕೂ ಪೂರ್ತಿ 230 ವೋಲ್ಟೇ ಸಿಗುತ್ತದೆ. ಆದರೆ ಮೆಟ್ಟಿಲು ಹೆಚ್ಚಿದಂತೆ ಏಣಿಯ ಕಾಲುಗಳಲ್ಲಿ ಹರಿಯುವ ಕರೆಂಟು ಕೂಡುತ್ತಾ ಹೋಗುತ್ತದೆ. ಆ ಕಾಲು ಎಷ್ಟು ದಪ್ಪವಿರಬೇಕು ಎಂಬುದೇ ವೈರಿನ ಸೈಜು.

ಅಂಗಡಿಯಲ್ಲಿ ‘ಒಂದೂವರೆ’, ‘ಎರಡೂವರೆ’, ‘ನಾಲ್ಕು’ ಎನ್ನುವುದು ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ, ಚದರ ಮಿಲಿಮೀಟರಿನಲ್ಲಿ. ಲೈಟು-ಫ್ಯಾನಿಗೆ 1.5, 16 ಆಂಪಿಯರಿನ ಪವರ್ ಪ್ಲಗ್ಗಿಗೆ 2.5, ಎಸಿ ಮತ್ತು ದೊಡ್ಡ ಗೀಸರಿಗೆ 4 ಎಂಬುದು ವಾಡಿಕೆ. ಬಣ್ಣಕ್ಕೂ ಲೆಕ್ಕವಿದೆ: ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲ್ಲಿಗೆ, ಹಸಿರು ಅರ್ಥಿಂಗಿಗೆ, ಅಂದರೆ ಉಪಕರಣದ ಮೈಯಿಂದ ಮಣ್ಣಿಗೆ ಇಳಿಯುವ ವೈರಿಗೆ. ಕೆಲಸದ ಕೊನೇ ದಿನ ಕಪ್ಪು ಕಾಯಿಲು ಮುಗಿದುಹೋಗಿ, ಉಳಿದಿದ್ದ ಹಸಿರಿನಲ್ಲೇ ನ್ಯೂಟ್ರಲ್ ಎಳೆದು ಮುಗಿಸಿದ ಮನೆಗಳಿವೆ. ಹತ್ತು ವರ್ಷ ಕಳೆದು ಬೋರ್ಡು ಬಿಚ್ಚುವ ಇನ್ನೊಬ್ಬನಿಗೆ ಅದು ಬಲೆ. ಬಣ್ಣ ನೋಡಿ ನಂಬಬೇಡಿ, ಅಳೆದು ನಂಬಿ.

ಸ್ವಿಚ್ಚು ಯಾವಾಗಲೂ ಫೇಸನ್ನೇ ಕತ್ತರಿಸಬೇಕು. ಬೋರ್ಡಿಗೆ ಬಂದ ಕೆಂಪು ವೈರು ಸ್ವಿಚ್ಚಿನ ಒಂದು ತುದಿಗೆ, ಇನ್ನೊಂದು ತುದಿಯಿಂದ ಬಲ್ಬಿನ ಹೋಲ್ಡರಿಗೆ. ಕಪ್ಪು ವೈರು ನೇರ ಹೋಲ್ಡರಿಗೆ. ಇದನ್ನು ಅದಲುಬದಲು ಮಾಡಿ ನ್ಯೂಟ್ರಲ್ಲಿಗೆ ಸ್ವಿಚ್ಚು ಹಾಕಿದರೂ ಬಲ್ಬು ಉರಿಯುತ್ತದೆ, ಆರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆಫ್ ಮಾಡಿದ ಮೇಲೂ ಹೋಲ್ಡರಿನೊಳಗೆ ಫೇಸ್ ನಿಂತಿರುತ್ತದೆ. ಆಫ್ ಮಾಡಿದ್ದೇನಲ್ಲ ಎಂದು ಬಲ್ಬು ಬದಲಿಸಲು ಕೈ ಹಾಕಿದವನಿಗೆ ಶಾಕ್ ಹೊಡೆಯುವುದು ಇಂಥ ಕಡೆಯೇ.

ಪ್ಲಗ್ಗಿನ ತೂತುಗಳನ್ನೂ ಒಮ್ಮೆ ಗಮನಿಸಿ. ಎದುರು ನಿಂತು ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಮೂರು ಪಿನ್ನಿನ ಟಾಪಿನಲ್ಲಿ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಉದ್ದ ಯಾಕೆಂದರೆ ಚುಚ್ಚುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಒಂದು ಕ್ಷಣವೂ ಅರ್ಥಿಂಗ್ ಇಲ್ಲದೆ ಫೇಸ್ ತಾಗಬಾರದು. ದಪ್ಪ ಯಾಕೆಂದರೆ ಮರೆತೂ ಬೇರೆ ತೂತಿಗೆ ಹೋಗಬಾರದು. ಎರಡು ಪಿನ್ನಿನ ಬೋರ್ಡಿಗೆ ಹೊಂದಿಸಲು ಆ ಪಿನ್ನನ್ನೇ ಕತ್ತರಿಸಿ ಎಸೆಯುವವರು ಇಷ್ಟೆಲ್ಲ ಏರ್ಪಾಡನ್ನು ಒಂದೇ ಏಟಿಗೆ ಕಿತ್ತು ಹಾಕುತ್ತಾರೆ.

ಸಣ್ಣ ಸ್ವಿಚ್ಚು: ಎಂಸಿಬಿ

ಎಂಸಿಬಿಯ ಮೈಮೇಲೆ ‘ಸಿ 16’ ಎಂದೋ ‘ಬಿ 10’ ಎಂದೋ ಬರೆದಿರುತ್ತದೆ. ಅಂಕಿ ಆಂಪಿಯರ್, ಅಕ್ಷರ ಅದರ ಸ್ವಭಾವ. ಒಳಗೆ ಎರಡು ಯಂತ್ರಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದ ಪಟ್ಟಿ. ಕರೆಂಟು ಹೆಚ್ಚಾದಾಗ ನಿಧಾನವಾಗಿ ಕಾದು ಬಾಗಿ ಕೊಕ್ಕೆ ಬಿಡಿಸುತ್ತದೆ. ಇನ್ನೊಂದು ತಾಮ್ರದ ಸುರುಳಿ. ಫೇಸು-ನ್ಯೂಟ್ರಲ್ ನೇರವಾಗಿ ತಾಗಿ ಕರೆಂಟು ಒಮ್ಮೆಲೇ ಏರಿದಾಗ ಅಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ‘ಬಿ’ ಜಾತಿಯದ್ದಕ್ಕೆ ಈ ತಕ್ಷಣದ ಏಟು ಬೀಳಲು ಅಂಕಿಯ 3ರಿಂದ 5 ಪಟ್ಟು ಕರೆಂಟು ಬೇಕು, ‘ಸಿ’ ಜಾತಿಗೆ 5ರಿಂದ 10 ಪಟ್ಟು. ಮೋಟರು, ಫ್ರಿಜ್ಜು, ಎಸಿ ಶುರುವಾಗುವಾಗ ಕ್ಷಣಕಾಲ ಜಾಸ್ತಿ ಎಳೆಯುತ್ತವೆ, ಅಂಥ ಕಡೆಗೆ ‘ಸಿ’.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: 16ರ ಎಂಸಿಬಿ 16 ಆಂಪಿಯರ್ ದಾಟಿದ ಕೂಡಲೇ ಬೀಳುತ್ತದೆ ಎಂಬುದು. ಹಾಗಲ್ಲ. 1.13 ಪಟ್ಟು, ಅಂದರೆ 18 ಆಂಪಿಯರಿನಲ್ಲಿ ಅದು ಒಂದು ಗಂಟೆಯಾದರೂ ಬೀಳಬಾರದು, 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರಿನಲ್ಲಿ ಒಂದು ಗಂಟೆಯೊಳಗೆ ಬೀಳಲೇಬೇಕು. ಮಾನದಂಡ ಹೇಳುವುದು ಇಷ್ಟೇ. ನಡುವಿನಲ್ಲಿ ಏನೂ ಆಗಬಹುದು. ಗೀಸರ್ ಹಾಕಿ, ಅದೇ ದಾರಿಯಲ್ಲಿ ವಾಷಿಂಗ್ ಮೆಷಿನ್ನಿನ ಹೀಟರೂ ಓಡಿ, ಇಪ್ಪತ್ತು ನಿಮಿಷ ಬಿಟ್ಟು ಎಂಸಿಬಿ ಬಿತ್ತು ಅಂದರೆ ಅದು ಭಾರ ಹೆಚ್ಚಾದ ಲಕ್ಷಣ. ಎತ್ತಿದ ಕೂಡಲೇ ಟಪ್ ಎಂದು ಬಿತ್ತು ಅಂದರೆ ಶಾರ್ಟ್ ಆಗಿದೆ.

ಪದೇ ಪದೇ ಬೀಳುತ್ತದೆ ಎಂದು 16ರ ಜಾಗಕ್ಕೆ 32ರದ್ದು ಹಾಕಿಸಿಕೊಳ್ಳುವವರಿದ್ದಾರೆ. ಆಮೇಲೆ ಅದು ಬೀಳುವುದಿಲ್ಲ, ನಿಜ. ಗೋಡೆಯೊಳಗಿನ ಎರಡೂವರೆ ವೈರು ಮಾತ್ರ ಹಾಗೇ ಇದೆಯಲ್ಲ. ಈಗ ಅದರಲ್ಲಿ 30 ಆಂಪಿಯರ್ ಹರಿದರೂ ಕೇಳುವವರಿಲ್ಲ. ಪೈಪಿನೊಳಗೆ ಗಾಳಿಯಿಲ್ಲದ ಕಡೆ ವೈರಿನ ಮೇಲಿನ ಪಿವಿಸಿ ಮೆತ್ತಗಾಗುತ್ತದೆ, ಕೊನೆಗೊಂದು ದಿನ ಹೊತ್ತಿಕೊಳ್ಳುತ್ತದೆ. ಎಂಸಿಬಿಯ ಅಂಕಿಯನ್ನು ಗೊತ್ತುಮಾಡುವುದು ಉಪಕರಣವಲ್ಲ, ಅದರ ಹಿಂದಿರುವ ವೈರು. ಫ್ಯೂಸಿನ ಕಾಲದಲ್ಲಿ ತೆಳ್ಳನೆ ಫ್ಯೂಸ್ ತಂತಿಯ ಬದಲು ಹಳೇ ವೈರಿನ ನಾಲ್ಕೆಳೆ ಹೊಸೆದು ಕಟ್ಟುತ್ತಿದ್ದರಲ್ಲ, ಅದೇ ತಪ್ಪು ಹೊಸ ಡಬ್ಬಿಯಲ್ಲಿ.

ಇನ್ನು ಮನುಷ್ಯನ ಲೆಕ್ಕ. ಕರೆಂಟಿಗೆ ಒಡ್ಡುವ ತಡೆಗೆ ಪ್ರತಿರೋಧ ಎನ್ನುತ್ತಾರೆ, ಅದರ ಅಳತೆ ಓಮ್; ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್. ಒದ್ದೆ ಕೈ, ಒದ್ದೆ ಕಾಲಿನ ಮೈಗೆ ಸುಮಾರು ಸಾವಿರ ಓಮ್ ಪ್ರತಿರೋಧ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಅದರ ಮೂಲಕ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್ ಹರಿಯುತ್ತದೆ. ಹತ್ತರ ಸುಮಾರಿಗೆ ಕೈ ಸೆಟೆದುಕೊಂಡು ಬಿಡಿಸಿಕೊಳ್ಳಲು ಆಗುವುದಿಲ್ಲ, ಮೂವತ್ತು ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯದ ಬಡಿತ ತಪ್ಪುವ ಅಪಾಯ. 16ರ ಎಂಸಿಬಿಯ ಕಣ್ಣಿಗೆ ಈ ಕಾಲು ಆಂಪಿಯರ್ ಅಂದರೆ ಎಲ್ಲೋ ಐವತ್ತು ವ್ಯಾಟಿನ ಬಲ್ಬು ಉರಿಯುತ್ತಿದ್ದ ಹಾಗೆ. ಅದು ಅಲುಗುವುದೂ ಇಲ್ಲ.

ಅರ್ಥಿಂಗ್ ಇದ್ದರೆ ಸಾಲದೇ?

ಗೀಸರಿನ ಎಲಿಮೆಂಟ್ ಅಂದರೆ ತಾಮ್ರದ ಕೊಳವೆ. ಅದರೊಳಗೆ ಕಾಯುವ ತಂತಿ, ತಂತಿಗೂ ಕೊಳವೆಗೂ ನಡುವೆ ಬಿಗಿಯಾಗಿ ತುಂಬಿದ ಬಿಳಿ ಪುಡಿ. ಬೋರ್‌ವೆಲ್ಲಿನ ಗಡಸು ನೀರಿಗೆ ಕೊಳವೆಯ ಮೇಲೆ ಸುಣ್ಣದ ಪದರ ಕಟ್ಟಿ, ಶಾಖ ಹೊರಹೋಗದೆ ಕೊಳವೆ ಬಿರಿಯುತ್ತದೆ. ನೀರು ಪುಡಿಗೆ ಇಳಿದು ಫೇಸ್ ಗೀಸರಿನ ಮೈಗೆ, ನಲ್ಲಿಗೆ, ಶವರಿಗೆ ಬರುತ್ತದೆ. ಆ ಮೈಯಿಂದ ಹಸಿರು ವೈರು ಹಿಡಿದು ಕರೆಂಟು ಮಣ್ಣಿಗೆ ಇಳಿದುಹೋಗಲಿ ಎಂಬುದು ಅರ್ಥಿಂಗಿನ ಉದ್ದೇಶ. ಅದಕ್ಕೆಂದೇ ಮನೆ ಪಕ್ಕ ಗುಂಡಿ ತೋಡಿ ಎರಡೂವರೆ ಮೀಟರಿನಷ್ಟು ಉದ್ದದ ಜಿಐ ಪೈಪು ನಿಲ್ಲಿಸಿ, ಸುತ್ತ ಇದ್ದಿಲು-ಉಪ್ಪು ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟಿರುತ್ತಾರೆ.

ಈಗ ಸಣ್ಣ ಲೆಕ್ಕವೊಂದನ್ನು ಮಾಡೋಣ. ಮನೆಯ ಗುಂಡಿಯ ಪ್ರತಿರೋಧ 15 ಓಮ್, ಟಿಸಿಯ ಗುಂಡಿಯದ್ದು 5 ಓಮ್ ಎಂದಿಟ್ಟುಕೊಳ್ಳಿ. ಒಟ್ಟು 20. ಗೀಸರಿನ ಮೈಗೆ ಫೇಸ್ ತಾಗಿದರೆ 230 ಭಾಗಿಸು 20, ಅಂದರೆ 11.5 ಆಂಪಿಯರ್ ಮಣ್ಣಿಗೆ ಹರಿಯುತ್ತದೆ. 16ರ ಎಂಸಿಬಿ ಎಷ್ಟು ಹೊತ್ತಾದರೂ ಬೀಳುವುದಿಲ್ಲ! ಮನೆಯ ಗುಂಡಿಯ ಮೇಲೆ 11.5 ಗುಣಿಸು 15, ಅಂದರೆ 172 ವೋಲ್ಟ್ ನಿಲ್ಲುತ್ತದೆ, ಗೀಸರಿನ ಮೈಮೇಲೆ ಇರುವುದೂ ಅಷ್ಟೇ. ಹಸಿರು ವೈರು ಸರಿಯಾಗಿದೆ, ಎಂಸಿಬಿ ಸರಿಯಾಗಿದೆ, ನಲ್ಲಿ ಮುಟ್ಟಿದವನಿಗೆ ಮಾತ್ರ 172 ವೋಲ್ಟ್. ಸಾಲದ್ದಕ್ಕೆ ಗಂಟೆಗೆ ಎರಡೂವರೆ ಯೂನಿಟ್ ಮಣ್ಣುಪಾಲು. ಯಾವ ಕಾರಣವೂ ಇಲ್ಲದೆ ಬಿಲ್ಲು ಏರಿದಾಗ ಹುಡುಕಬೇಕಾದ ಸಂಗತಿಗಳಲ್ಲಿ ಇದೂ ಒಂದು.

ಬೇಸಿಗೆಯಲ್ಲಿ ಗುಂಡಿ ಒಣಗಿದರೆ 15 ಓಮ್ ಇದ್ದದ್ದು 50, 100 ಆಗಬಹುದು. ಹಾಗೆಂದು ಅರ್ಥಿಂಗ್ ದಂಡ ಎಂದಲ್ಲ. ಸೋರಿಕೆಗೆ ಅದು ದಾರಿ ಮಾಡಿಕೊಡುತ್ತದೆ. ಆ ಸೋರಿಕೆಯನ್ನು ಗುರುತಿಸಿ ಕರೆಂಟು ಕತ್ತರಿಸಲು ಇನ್ನೊಬ್ಬ ಬೇಕು.

ಅಗಲದ ಸ್ವಿಚ್ಚು: ಆರ್‌ಸಿಸಿಬಿ

ಆ ಇನ್ನೊಬ್ಬನೇ ಆರ್‌ಸಿಸಿಬಿ. ಜನ ಹಳೇ ರೂಢಿಯಂತೆ ಇದನ್ನೂ ಇಎಲ್‌ಸಿಬಿ ಎನ್ನುತ್ತಾರೆ. ಶಾಲಾ ಪ್ರವಾಸದಲ್ಲಿ ಮಕ್ಕಳು ಬಸ್ಸಿಳಿಯುವಾಗ ತಲೆ ಎಣಿಸಿ, ಹತ್ತುವಾಗ ಮತ್ತೆ ಎಣಿಸುವ ಮೇಷ್ಟ್ರಿದ್ದಾರಲ್ಲ, ಇದರ ಕೆಲಸ ಅದೇ. ಒಬ್ಬ ಕಮ್ಮಿಯಾದರೂ ಬಸ್ಸು ಹೊರಡುವುದಿಲ್ಲ. ಒಳಗೆ ಒಂದು ಲೋಹದ ಬಳೆ, ಅದರ ನಡುವೆ ಫೇಸು ಮತ್ತು ನ್ಯೂಟ್ರಲ್ ಎರಡೂ ಹಾದುಹೋಗುತ್ತವೆ. ಹೋದದ್ದೂ ಬಂದದ್ದೂ ಸಮವಾಗಿದ್ದರೆ ಎರಡರ ಅಯಸ್ಕಾಂತ ಪ್ರಭಾವವೂ ಒಂದನ್ನೊಂದು ಅಳಿಸಿ ಬಳೆ ಸುಮ್ಮನಿರುತ್ತದೆ. ನಿಮ್ಮ ಮೈಯಿಂದಲೋ ಹಸಿರು ವೈರಿನಿಂದಲೋ ಒಂದು ಪಾಲು ಬೇರೆ ದಾರಿ ಹಿಡಿದರೆ ಲೆಕ್ಕ ತಪ್ಪುತ್ತದೆ, ಕೊಕ್ಕೆ ಕಳಚುತ್ತದೆ.

ಮನೆಗೆ ಬೇಕಾದ್ದು 30 ಮಿಲಿಆಂಪಿಯರಿನದ್ದು. ಅಷ್ಟು ಸೋರಿದರೆ 0.3 ಸೆಕೆಂಡಿನೊಳಗೆ, ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಬೀಳಬೇಕು. ಮೈಮೇಲೆ 25, 40, 63 ಆಂಪಿಯರ್ ಎಂದೂ ಬರೆದಿರುತ್ತದೆ. ಅದು ಎಷ್ಟು ಕರೆಂಟನ್ನು ಹೊರಬಲ್ಲದು ಎಂಬ ಲೆಕ್ಕ, ಬೀಳುವ ಲೆಕ್ಕವಲ್ಲ. ಭಾರ ಹೆಚ್ಚಾದರೆ, ಶಾರ್ಟ್ ಆದರೆ ಆರ್‌ಸಿಸಿಬಿ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಎಂಸಿಬಿಯ ಪಾಲು. ಹಾಗಾಗಿ ಎರಡೂ ಇರಬೇಕು. ಎರಡನ್ನೂ ಒಂದೇ ಮೈಯಲ್ಲಿಟ್ಟ ಆರ್‌ಸಿಬಿಒ ಎಂಬುದೂ ಸಿಗುತ್ತದೆ.

ನಿಮ್ಮ ಮನೆಯಲ್ಲಿ ಇದು ಇದೆಯೇ? ಡಿಬಿಯ ಮುಚ್ಚಳ ತೆರೆದು ಅಗಲದ ಸ್ವಿಚ್ಚಿನ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಹುಡುಕಿ. ಅದಿಲ್ಲದಿದ್ದರೆ ಅದು ಬಹುಶಃ ಐಸೊಲೇಟರ್, ಕೈಯಿಂದ ಹಾಕಿ ತೆಗೆಯುವ ಬರೀ ಮೇನ್ ಸ್ವಿಚ್ಚು. ನೋಡಲು ಎರಡೂ ಅಣ್ಣತಮ್ಮಂದಿರ ಹಾಗಿರುತ್ತವೆ. ಐಸೊಲೇಟರ್ ತಾನಾಗಿ ಎಂದೂ ಬೀಳುವುದಿಲ್ಲ. ಗುಂಡಿ ಇದ್ದರೆ ತಿಂಗಳಿಗೊಮ್ಮೆ ಒತ್ತಿ. ಅದು ಬೇಕೆಂದೇ ಬಳೆಯ ಲೆಕ್ಕ ತಪ್ಪಿಸುವ ಸಣ್ಣ ದಾರಿ. ಒತ್ತಿದಾಗ ಸ್ವಿಚ್ಚು ಬೀಳದಿದ್ದರೆ ಬದಲಾಯಿಸುವ ಕಾಲ ಬಂದಿದೆ. ವರ್ಷಗಟ್ಟಲೆ ಅಲುಗಾಡದೆ ಕೂತ ಯಂತ್ರದ ಕೊಕ್ಕೆ ಜಡ್ಡುಗಟ್ಟುವುದುಂಟು, ಒತ್ತುತ್ತಿದ್ದರೆ ಅದೂ ಸಡಿಲವಾಗಿರುತ್ತದೆ.

ಒಂದು ಮಿತಿ ಮಾತ್ರ ಇದೆ. ಒಣ ಮರದ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿ ಉಳಿಸಲಾರದು. ಹೋದದ್ದೆಲ್ಲ ವಾಪಸ್ ಬರುತ್ತಿದೆ, ಅದರ ಪಾಲಿಗೆ ಅವನೂ ಒಂದು ಬಲ್ಬು.

ಮಳೆರಾತ್ರಿ ಅಗಲದ್ದು ಬಿದ್ದರೆ

ಎತ್ತಿದ ಹಾಗೆಲ್ಲ ಬೀಳುತ್ತಿದ್ದರೆ ಕಡ್ಡಿ ಸಿಕ್ಕಿಸಿಯೋ ಟೇಪು ಸುತ್ತಿಯೋ ನಿಲ್ಲಿಸಲು ಹೋಗಬೇಡಿ. ಸ್ವಿಚ್ಚನ್ನು ಮೇಲೆ ಹಿಡಿದಿದ್ದರೂ ಒಳಗಿನ ಕೊಕ್ಕೆ ಕಳಚುವಂತೆಯೇ ಅದನ್ನು ಮಾಡಿರುತ್ತಾರೆ. ಒಣ ಚಪ್ಪಲಿ ಹಾಕಿಕೊಂಡು, ಒಣ ಕೈಯಲ್ಲಿ ಎಲ್ಲ ಸಣ್ಣ ಎಂಸಿಬಿಗಳನ್ನೂ ಕೆಳಗೆ ಮಾಡಿ. ಈಗ ಅಗಲದ್ದನ್ನು ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತಾ ಹೋಗಿ. ಯಾವುದನ್ನು ಏರಿಸಿದಾಗ ಅಗಲದ್ದು ಬಿತ್ತೋ ದೋಷ ಆ ದಾರಿಯಲ್ಲಿದೆ. ಅದೊಂದನ್ನು ಕೆಳಗೇ ಬಿಟ್ಟು ಉಳಿದ ಮನೆಗೆ ಬೆಳಕು ಮಾಡಿಕೊಂಡು ಮಲಗಬಹುದು.

ಎಲ್ಲ ಎಂಸಿಬಿ ಕೆಳಗಿದ್ದರೂ ಅಗಲದ್ದು ನಿಲ್ಲದಿದ್ದರೆ? ಅನುಭವಿಗಳೂ ಎಡವುವ ಜಾಗ ಇದು. ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಜೋಡಣೆ ಹಾಗೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ವೈರು ಅರ್ಥಿಗೆ ತಾಗಿದ್ದರೆ ಎಂಸಿಬಿ ಇಳಿಸಿಯೂ ಪ್ರಯೋಜನವಿಲ್ಲ. ಆಗ ಗೋಡೆಯ ಸ್ವಿಚ್ಚು ಆಫ್ ಮಾಡಿದರೂ ಸಾಲದು, ಅದೂ ಫೇಸನ್ನಷ್ಟೇ ತೆಗೆಯುತ್ತದೆ. ಗೀಸರ್, ಮೋಟರು, ವಾಷಿಂಗ್ ಮೆಷಿನ್ನು, ಫ್ರಿಜ್ಜು ಎಲ್ಲದರ ಟಾಪನ್ನೂ ಪ್ಲಗ್ಗಿನಿಂದಲೇ ಕಿತ್ತು ಆಮೇಲೆ ಎತ್ತಿ ನೋಡಬೇಕು. ಆಗಲೂ ನಿಲ್ಲದಿದ್ದರೆ ದೋಷ ಗೋಡೆಯೊಳಗಿದೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಡಿಬಿಯ ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ವೈರು ಬಿಡಿಸಿ ಹುಡುಕಬೇಕಾಗುತ್ತದೆ.

ಮಳೆಯಲ್ಲಿ ಸಿಕ್ಕಿಬೀಳುವ ಕಳ್ಳರು ಮಾಮೂಲಿನವರೇ: ಗೇಟಿನ ಮೇಲಿನ ಲೈಟು, ಟೆರೇಸಿನ ಪ್ಲಗ್ಗು, ಕಾಲಿಂಗ್ ಬೆಲ್ಲಿನ ಸ್ವಿಚ್ಚು, ಸಂಪಿನ ಮೋಟರು, ಪಶ್ಚಿಮದ ಮಳೆ ಹೊಡೆಯುವ ಗೋಡೆಯೊಳಗಿನ ಜಾಯಿಂಟು. ಬಿಸಿಲು ಬಂದು ಎರಡು ದಿನಕ್ಕೆ ಗೋಡೆ ಒಣಗಿದ ಮೇಲೆ ಎಲ್ಲ ಸರಿಹೋದಂತೆ ಕಾಣುತ್ತದೆ. ಸರಿಹೋಗಿರುವುದಿಲ್ಲ.

ಇನ್ವರ್ಟರ್ ಹಾಕಿಸಿದ ಮೇಲೆ ಆರ್‌ಸಿಸಿಬಿ ಬೀಳಲು ಶುರುವಾದರೆ ಕಾರಣ ಸಾಮಾನ್ಯವಾಗಿ ನ್ಯೂಟ್ರಲ್ ಕಲಸುಮೇಲೋಗರ: ಫೇಸು ಒಂದು ಆರ್‌ಸಿಸಿಬಿಯಿಂದ ಹೊರಟು ನ್ಯೂಟ್ರಲ್ ಇನ್ನೊಂದರಿಂದಲೋ, ಅದರ ಹೊರಗಿನಿಂದಲೋ ವಾಪಸ್ ಬರುತ್ತಿರುತ್ತದೆ. ಸೋರಿಕೆಯಿಲ್ಲ, ಎಣಿಕೆಯ ಬಸ್ಸೇ ಬೇರೆ. ಇನ್ನೊಂದು ಎಚ್ಚರ: ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಸ್ವಿಚ್ಚು ಇಳಿಸಿದ ಮಾತ್ರಕ್ಕೆ ವೈರು ಸತ್ತಿರುವುದಿಲ್ಲ. ಇನ್ವರ್ಟರಿನದ್ದನ್ನೂ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿಯೇ ಕೈ ಹಾಕಬೇಕು.

ಯಾವ ಸ್ವಿಚ್ಚೂ ಹಿಡಿಯದ ದೋಷ

ಗೀಸರಿನ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿರುವುದನ್ನು ಬಹಳಷ್ಟು ಮನೆಗಳಲ್ಲಿ ಕಾಣಬಹುದು. ಅಲ್ಲಿ ಕರೆಂಟು ಹೆಚ್ಚೇನೂ ಹರಿದಿರಲಿಲ್ಲ. ಸ್ಕ್ರೂ ಸಡಿಲವಾಗಿತ್ತು, ಅಥವಾ ಪಿನ್ನು ಹಿಡಿಯುವ ಹಿತ್ತಾಳೆಯ ತುಟಿ ಅಗಲಿತ್ತು. ಅಂಥ ಜಾಗದಲ್ಲಿ ಅರ್ಧ ಓಮ್ ಪ್ರತಿರೋಧ ಬಂದರೂ 8.7 ಆಂಪಿಯರಿಗೆ 38 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿಗೆ 25ರಿಂದ 35 ವ್ಯಾಟು ಸಾಕು. ಇಲ್ಲಿ ಅದಕ್ಕಿಂತ ಹೆಚ್ಚು ಬಿಸಿ ಒಂದು ಸ್ಕ್ರೂವಿನ ತಲೆಯ ಮೇಲೆ, ಗೀಸರ್ ಉರಿದಷ್ಟು ಹೊತ್ತೂ. ಕಾದಂತೆ ಲೋಹ ಕಪ್ಪಾಗುತ್ತದೆ, ಪ್ರತಿರೋಧ ಹೆಚ್ಚುತ್ತದೆ, ಇನ್ನಷ್ಟು ಕಾಯುತ್ತದೆ. ಕರೆಂಟು ಮಿತಿಯೊಳಗಿರುವುದರಿಂದ ಎಂಸಿಬಿಗೆ ಗೊತ್ತಾಗದು. ಏನೂ ಸೋರದಿರುವುದರಿಂದ ಆರ್‌ಸಿಸಿಬಿಗೂ ಗೊತ್ತಾಗದು.

ಇದನ್ನು ಹಿಡಿಯುವುದು ಕೈ ಮತ್ತು ಮೂಗು. ಅರ್ಧ ಗಂಟೆ ಗೀಸರ್ ಉರಿದ ಮೇಲೆ ಸ್ವಿಚ್ಚು ಆಫ್ ಮಾಡಿ, ಒಣ ಕೈಯಲ್ಲಿ ಟಾಪು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಪ್ಲಗ್ಗು-ಟಾಪು ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಸುಟ್ಟ ಹಳೆಯದು ಹೊಸದನ್ನೂ ಸುಡುತ್ತದೆ. ಆರು ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಂಡಕ್ಷನ್ ಒಲೆ ಸಿಕ್ಕಿಸುವುದೂ ಇದೇ ಬೆಂಕಿಗೆ ಆಹ್ವಾನ. ಅಲ್ಯೂಮಿನಿಯಂ ವೈರಿನ ಹಳೇ ಮನೆಗಳಲ್ಲಿ ಅದನ್ನು ತಾಮ್ರದ ವೈರಿಗೆ ಹೊಸೆದು ಟೇಪು ಸುತ್ತಿದ ಜಾಯಿಂಟುಗಳನ್ನು ಮೊದಲು ನೋಡಿಸಬೇಕು.

ನ್ಯೂಟ್ರಲ್ ಕಟ್ ಆದಾಗ

ಲೈಟಿಲ್ಲ, ಟೆಸ್ಟರ್ ಇಟ್ಟರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಮಿಂಚುತ್ತದೆ. ‘ಎರಡು ಫೇಸ್ ಬಂದಿದೆ’ ಎಂದು ಜನ ಗಾಬರಿಯಾಗುತ್ತಾರೆ. ಆಗಿರುವುದು ಬೇರೆ: ನ್ಯೂಟ್ರಲ್ ವೈರು ಎಲ್ಲೋ ಕಡಿದಿದೆ. ಆನ್ ಆಗಿರುವ ಬಲ್ಬು, ಫ್ಯಾನಿನ ಮೂಲಕ ಫೇಸ್ ಹಾದುಬಂದು, ಮುಂದೆ ದಾರಿಯಿಲ್ಲದೆ ಕಪ್ಪು ವೈರಿನಲ್ಲೇ ನಿಂತಿದೆ. ಟೆಸ್ಟರಿನ ಪುಟ್ಟ ನಿಯಾನ್ ದೀಪಕ್ಕೆ ಎಳ್ಳಷ್ಟು ಕರೆಂಟು ಸಾಕು, ಅದು ಮಿಂಚುತ್ತದೆ. ಕಪ್ಪು ವೈರಿಗೆ ಕೈ ಹಾಕಿದರೆ ಶಾಕ್ ಗ್ಯಾರಂಟಿ.

ಮನೆಯೊಳಗೆ ಕಡಿದರೆ ಕತ್ತಲೆ ಮಾತ್ರ. ಮೂರು ಫೇಸಿನ ಮನೆಗೆ ಬರುವ ನ್ಯೂಟ್ರಲ್ಲೋ ಕಂಬದ ಮೇಲಿನದ್ದೋ ಕಡಿದರೆ ಹಾನಿ ದೊಡ್ಡದು. ಒಂದು ಫೇಸಿನಲ್ಲಿ 500 ವ್ಯಾಟಿನ ಟಿವಿ-ಫ್ರಿಜ್ಜು, ಇನ್ನೊಂದರಲ್ಲಿ 2000 ವ್ಯಾಟಿನ ಗೀಸರ್, ಮೂರನೆಯದರಲ್ಲಿ ಏನೂ ಇಲ್ಲ ಎಂದಿಟ್ಟುಕೊಳ್ಳಿ. ನ್ಯೂಟ್ರಲ್ ಇಲ್ಲವಾದ ಕೂಡಲೇ ಇವೆರಡೂ ಎರಡು ಫೇಸುಗಳ ನಡುವಿನ 400 ವೋಲ್ಟಿಗೆ ಒಂದರ ಹಿಂದೊಂದು ಸಿಕ್ಕಿಬೀಳುತ್ತವೆ. ವೋಲ್ಟೇಜು ಭಾರಕ್ಕೆ ವಿರುದ್ಧವಾಗಿ ಹಂಚಿಹೋಗುತ್ತದೆ: ಗೀಸರಿಗೆ ಹೆಚ್ಚುಕಮ್ಮಿ 80, ಟಿವಿ-ಫ್ರಿಜ್ಜಿಗೆ 320. ಮಿತವಾಗಿ ಬಳಸುವ ಮನೆಯ ಸಾಮಾನೇ ಮೊದಲು ಸುಡುತ್ತದೆ, ಅದೊಂದು ವಿಚಿತ್ರ ಅನ್ಯಾಯ.

ಹಾಗಾಗಿ ಒಂದು ರೂಮಿನ ಲೈಟು ಕಣ್ಣು ಕೋರೈಸುವಂತೆ, ಇನ್ನೊಂದರದ್ದು ಮಿಣುಕುಹುಳದಂತೆ ಕಂಡರೆ ಟಿವಿ ಆಫ್ ಮಾಡಲು ಓಡಬೇಡಿ, ನೇರ ಹೋಗಿ ಮೇನ್ ಸ್ವಿಚ್ಚು ಇಳಿಸಿ. ಆಮೇಲೆ 1912ಕ್ಕೆ ಕರೆ ಮಾಡಿ ‘ಕರೆಂಟಿಲ್ಲ’ ಎನ್ನುವ ಬದಲು ‘ನ್ಯೂಟ್ರಲ್ ಕಟ್ ಆಗಿದೆ’ ಎನ್ನಿ. ಲೈನ್‌ಮನ್ ಬಂದು ಕಂಬ ಹತ್ತಿ ಕಟ್ಟಿ ಇಳಿದ ಮೇಲೂ ಟಾಪುಗಳೆಲ್ಲ ಕಿತ್ತೇ ಇರಲಿ. ಮೇನ್ ಎತ್ತಿ, ಒಂದೊಂದು ಫೇಸಿನ ಒಂದೊಂದು ಪ್ಲಗ್ಗಿನಲ್ಲೂ ಮಲ್ಟಿಮೀಟರ್ ಇಟ್ಟು ನೋಡಿ. ಮೂರರಲ್ಲೂ 230ರ ಆಸುಪಾಸು ಕಂಡರೆ ಮೊದಲು ಒಂದು ಬಲ್ಬು ಹಾಕಿ, ಫ್ರಿಜ್ಜು ಕೊನೆಗೆ.